ಗಾಡ್ಜಿಲ್ಲಾ ಮೊದಲು, ಬ್ರಾಂಕ್ಸ್‌ನ ಡ್ರಮ್ಮು ಆಮೇಲೆ

ಗೆಳೆಯರು, ಪಕ್ಕದ ಬೀದಿಯ ಕಾಲೇಜು ಹುಡುಗ ಹುಡುಗಿಯರು ಸೇರಿದಾಗ ನಮ್ಮ ತಾರಸಿಯಲ್ಲಿ ಹಳೆಯ ರಾಕ್ಷಸ ಸಿನಿಮಾ ತೋರಿಸುತ್ತೇನೆ. ಮುಗಿದ ಮೇಲೆ ರೆಕಾರ್ಡ್ ತಟ್ಟೆ ತಿರುಗಿಸುವ ಎರಡು ಟರ್ನ್‌ಟೇಬಲ್ ಇಟ್ಟುಕೊಂಡು ಶುರುವಿನ ಕಾಲದ ಹಿಪ್ ಹಾಪ್, ಅಂದರೆ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಹುಟ್ಟಿದ ಡ್ರಮ್ಮು, ಮಾತಿನ ಸಂಗೀತ, ನುಡಿಸುತ್ತೇನೆ. ಇವೆರಡಕ್ಕೂ ಏನು ಸಂಬಂಧ ಅಂತ ಬಹಳ ಜನ ಕೇಳಿದ್ದಾರೆ. ಇದೆ. ಹೇಗೆ ಜೋಡಿಸುತ್ತೇನೆ ಅಂತ ಹೇಳುತ್ತೇನೆ.

ಮೊದಲು ಹಾಕುವುದು 1954ರ ಜಪಾನಿನ ಗಾಡ್ಜಿಲ್ಲಾ, ಬಾಂಬ್ ಪರೀಕ್ಷೆಯಿಂದ ಕೆರಳಿ ಸಮುದ್ರದಿಂದ ಎದ್ದು ಬಂದ ರಾಕ್ಷಸ ಪ್ರಾಣಿಯ ಕಥೆ. ಇಶಿರೋ ಹೊಂಡಾ ನಿರ್ದೇಶನದ ಮೂಲ ಕಪ್ಪು ಬಿಳುಪು ಸಿನಿಮಾನೇ ಬೇಕು. 1956ರಲ್ಲಿ ಅಮೆರಿಕದವರು ಇದನ್ನು ಕತ್ತರಿಸಿ, ಮಧ್ಯೆ ಒಬ್ಬ ಅಮೆರಿಕನ್ ಪತ್ರಕರ್ತನ ಪಾತ್ರ ತುರುಕಿ ಬಿಡುಗಡೆ ಮಾಡಿದರು. ಮೂಲದಲ್ಲಿ ರೈಲಿನಲ್ಲಿ ಕೂತ ಒಬ್ಬಳು ಹೆಂಗಸು, ನಾಗಸಾಕಿಯಲ್ಲಿ ಹೇಗೋ ಬದುಕಿ ಬಂದೆ, ಈಗ ಇದೊಂದು ಬೇರೆ ಅನ್ನುವ ಅರ್ಥದ ಮಾತಾಡುತ್ತಾಳೆ. ಆ ಮಾತು ಅಮೆರಿಕದ ಪ್ರತಿಯಲ್ಲಿ ಹೋಗಿಬಿಟ್ಟಿದೆ. ಅದು ಹೋದರೆ ಉಳಿಯುವುದು ಸುಮ್ನೆ ಒಂದು ದೊಡ್ಡ ಹಲ್ಲಿ.

ಶುರು ಮಾಡುವ ಮುಂಚೆ ನಾನು ಹೇಳುವುದು ಒಂದೇ ಸಂಗತಿ. 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ 15 ಮೆಗಾಟನ್ನಿನ ಹೈಡ್ರೋಜನ್ ಬಾಂಬ್ ಸಿಡಿಸಿತು. ದೂರದಲ್ಲಿ ಟ್ಯೂನಾ ಮೀನು ಹಿಡಿಯುತ್ತಿದ್ದ ಜಪಾನಿನ ದೋಣಿಯ 23 ಜನರ ಮೇಲೆ ವಿಕಿರಣದ ಬೂದಿ ಸುರಿಯಿತು. ದೋಣಿಯ ರೇಡಿಯೋ ನೋಡಿಕೊಳ್ಳುತ್ತಿದ್ದವರು ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಸಿನಿಮಾ ಬಂದಿದ್ದು ನವೆಂಬರ್‌ನಲ್ಲಿ. ಇಷ್ಟು ಹೇಳಿ ಸುಮ್ಮನಾಗುತ್ತೇನೆ. ಮೊದಲ ದೃಶ್ಯದಲ್ಲೇ ಹಡಗಿನವರು ಗಿಟಾರ್ ನುಡಿಸುತ್ತಾ ಕೂತಿರುವಾಗ ಸಮುದ್ರ ಬೆಳ್ಳಗೆ ಬೆಳಗಿ ಹಡಗು ಹೊತ್ತಿಕೊಳ್ಳುತ್ತದೆ. ಯಾರಿಗೂ ಏನೂ ವಿವರಿಸಬೇಕಾಗಿಲ್ಲ, ಅಲ್ವಾ?

ಎರಡನೆಯದು 1968ರ 'ನೈಟ್ ಆಫ್ ದಿ ಲಿವಿಂಗ್ ಡೆಡ್'. ಹೆಸರು ಬದಲಾಯಿಸುವಾಗ ಹಕ್ಕುಸ್ವಾಮ್ಯದ ಸಾಲು ಬಿಟ್ಟುಹೋಗಿ ಅಮೆರಿಕದಲ್ಲಿ ಅದು ಎಲ್ಲರ ಸೊತ್ತಾಗಿಬಿಟ್ಟಿತು. ಹಾಗಾಗಿ ಪ್ರತಿ ಸಿಗುವುದು ಸುಲಭ. ನಾಯಕ ಡುವೇನ್ ಜೋನ್ಸ್ ಕಪ್ಪು ನಟ. ರಾತ್ರಿಯಿಡೀ ಎದ್ದು ಬಂದ ಹೆಣಗಳ ಜೊತೆ ಹೊಡೆದಾಡಿ ಬದುಕುಳಿದ ಅವನನ್ನು ಬೆಳಗ್ಗೆ ಬಂದೂಕು ಹಿಡಿದು ಬಂದ ಬಿಳಿಯರ ಗುಂಪು ಹೆಣ ಅಂದುಕೊಂಡು ಹೊಡೆದು ಹಾಕುತ್ತದೆ. ಅದೇ ವರ್ಷ ಏಪ್ರಿಲ್ 4ಕ್ಕೆ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದಾಗ ಸಿನಿಮಾ ಆಗಲೇ ತಯಾರಾಗಿತ್ತು. ಇದರ ಹಿಂದೆಯೇ ಹಾಡು ಹಾಕಬೇಡಿ. ಜನ ಮಾತಾಡಲಿ, ಜಗಳವಾಡಿದರೂ ಪರವಾಗಿಲ್ಲ.

ಹಿಪ್ ಹಾಪ್‌ಗೆ ಸೇತುವೆ ಆಗುವುದು ಮೂರನೆಯ ಸಿನಿಮಾ, 1981ರ 'ವುಲ್ಫೆನ್'. ಜಾಸ್ತಿ ಜನ ನೋಡಿಲ್ಲ. ನ್ಯೂಯಾರ್ಕ್‌ನ ದಕ್ಷಿಣ ಬ್ರಾಂಕ್ಸ್‌ನ ಪಾಳುಬಿದ್ದ ಕಟ್ಟಡಗಳಲ್ಲಿ ತೋಳಗಳಂಥ ಬುದ್ಧಿವಂತ ಪ್ರಾಣಿಗಳು ಬೇಟೆಯಾಡಿಕೊಂಡಿರುತ್ತವೆ. ಆ ಜಾಗ ಕೆಡವಿ ಹೊಸದಾಗಿ ಕಟ್ಟಲು ಹೊರಟ ಸಿರಿವಂತನನ್ನು ಕೊಲ್ಲುತ್ತವೆ. ಯಾರ ನೆಲ, ಯಾರು ಯಾರನ್ನು ಓಡಿಸಿದರು ಅನ್ನುವ ಪ್ರಶ್ನೆ ನೇರವಾಗಿಯೇ ಇದೆ. ಅದು ನನಗೆ ಇಷ್ಟ. ಆದರೆ ಕ್ಯಾಮೆರಾ ಕಣ್ಣಿಗೆ ಬ್ರಾಂಕ್ಸ್ ಅಂದರೆ ಇಟ್ಟಿಗೆ ರಾಶಿ ಮಾತ್ರ. ಅಲ್ಲಿ ಸಂಸಾರ ಮಾಡುತ್ತಿದ್ದ ಸಾವಿರಾರು ಜನ ಕಾಣುವುದೇ ಇಲ್ಲ. ಊರಿನ ಮಧ್ಯೆ ಹೆದ್ದಾರಿ ಹಾಯಿಸಿ ಮನೆಗಳನ್ನು ಒಡೆದರು, ವಿಮೆ ಹಣಕ್ಕೆ ಮಾಲೀಕರೇ ಕಟ್ಟಡಗಳಿಗೆ ಬೆಂಕಿ ಹಾಕಿಸಿದರು, ನಗರಾಡಳಿತ ಅಗ್ನಿಶಾಮಕ ಠಾಣೆಗಳನ್ನು ಮುಚ್ಚಿತು. ಅಷ್ಟಾದರೂ ಜನ ಅಲ್ಲೇ ಇದ್ದರು, ಮತ್ತು ಅವರ ಮಕ್ಕಳು ಪಾರ್ಕಿಗೆ ಸ್ಪೀಕರ್ ತಂದು, ಬೀದಿದೀಪದ ಕಂಬದಿಂದ ಕರೆಂಟ್ ಎಳೆದುಕೊಂಡು ಕುಣಿಯುತ್ತಿದ್ದರು. ಇದನ್ನು ಹೇಳಿಯೇ ನಾನು ಟರ್ನ್‌ಟೇಬಲ್ ಹತ್ತಿರ ಹೋಗುವುದು.

1973ರ ಆಗಸ್ಟ್ 11ರಂದು ಸೆಡ್ಜ್‌ವಿಕ್ ಅವೆನ್ಯೂ 1520ರಲ್ಲಿ ಡಿಜೆ ಕೂಲ್ ಹರ್ಕ್ ನುಡಿಸಿದ ಪಾರ್ಟಿಯನ್ನು ಹಿಪ್ ಹಾಪ್‌ನ ಹುಟ್ಟು ಅನ್ನುತ್ತಾರೆ. ಅದನ್ನು ಏರ್ಪಡಿಸಿದ್ದು ಅವರ ತಂಗಿ ಸಿಂಡಿ, ಸ್ಕೂಲು ಶುರುವಾಗುವ ಮುಂಚೆ ಹೊಸ ಬಟ್ಟೆಗೆ ದುಡ್ಡು ಮಾಡಲು. ಹಾಡಿನ ಮಧ್ಯೆ ಬರೀ ಡ್ರಮ್ಮು ಉಳಿಯುವ ತುಣುಕಿಗೆ ಜನ ಹೆಚ್ಚು ಕುಣಿಯುವುದನ್ನು ಹರ್ಕ್ ಗಮನಿಸಿದ್ದರು. ಅದೇ ಬ್ರೇಕ್. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಆ ತುಣುಕನ್ನೇ ಬೆಳೆಸುತ್ತಾ ಹೋದರು.

ನಾನು ಕಲಿತಿದ್ದೂ ಹಾಗೆಯೇ. 'ಅಪಾಚಿ' ಅನ್ನುವ ವಾದ್ಯಗೀತೆಯ ಎರಡು ಪ್ರತಿ ತಗೊಂಡೆ. ರೆಕಾರ್ಡ್ ತಟ್ಟೆ ಸಲೀಸಾಗಿ ಜಾರಲಿ ಅಂತ ಕೆಳಗೆ ತೆಳುವಾದ ಬಟ್ಟೆ ಹಾಸಿದೆ. ಬ್ರೇಕ್ ಶುರುವಾಗುವ ಕಡೆ ಕ್ರೇಯಾನ್‌ನಲ್ಲಿ ಗೆರೆ ಎಳೆದುಕೊಂಡೆ, ಇದು ಬ್ರಾಂಕ್ಸ್‌ನ ಇನ್ನೊಬ್ಬ ಡಿಜೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ತೋರಿಸಿಕೊಟ್ಟ ದಾರಿ. ಒಂದು ತಟ್ಟೆ ನುಡಿಯುತ್ತಿರುವಾಗ ಹೆಡ್‌ಫೋನಿನಲ್ಲಿ ಕೇಳುತ್ತಾ ಇನ್ನೊಂದನ್ನು ಗೆರೆಗೆ ತಿರುಗಿಸಿ ಬೆರಳಲ್ಲಿ ಹಿಡಿದಿರಬೇಕು, ಡ್ರಮ್ಮಿನ ಸರಿಯಾದ ಏಟಿಗೆ ಬಿಡಬೇಕು, ಬಿಟ್ಟ ಕೂಡಲೇ ಮೊದಲನೆಯದನ್ನು ಮತ್ತೆ ಹಿಂದಕ್ಕೆ. ಬೆರಳಿಗೆ ಇದು ಹತ್ತಲು ಕಾಲ ಬೇಕು. ಅಭ್ಯಾಸ ನಿಧಾನದ ಹಾಡಲ್ಲಿ ಮಾಡಿ, ಉದ್ದ ಬ್ರೇಕ್ ಇರುವುದು ಸಿಕ್ಕರೆ ಇನ್ನೂ ಒಳ್ಳೆಯದು. ಗಾಡ್ಜಿಲ್ಲಾದ ಗರ್ಜನೆ ಹುಟ್ಟಿದ್ದು ದೊಡ್ಡ ಪಿಟೀಲಿನಂಥ ಡಬಲ್ ಬೇಸಿನ ಸಡಿಲ ತಂತಿಯನ್ನು ಚರ್ಮದ ಕೈಗವಸಿನಿಂದ ಉಜ್ಜಿ. ಇಲ್ಲೂ ಅಷ್ಟೇ, ಕೈ ಹಚ್ಚಬಾರದು ಅನ್ನುವ ಕಡೆ ಕೈ ಹಚ್ಚಿದಾಗಲೇ ಹೊಸ ಸದ್ದು.

ಹಳೆಯ ಹಿಪ್ ಹಾಪ್ ಬಗ್ಗೆ ಹಳಹಳಿಸುವವರಲ್ಲಿ ನಾನೂ ಒಬ್ಬ, ಅಲ್ಲಿ ಹುಟ್ಟದಿದ್ದರೂ. ಆದರೆ ನಾವು ಕೇಳಿ ಆಸೆಪಡುವುದೆಲ್ಲ ಈ ಸಂಗೀತವನ್ನು ಮೊದಲು ರೆಕಾರ್ಡಿನಲ್ಲಿ ಜನಪ್ರಿಯ ಮಾಡಿದ 1979ರ ಹಾಡು 'ರ‍್ಯಾಪರ್ಸ್ ಡಿಲೈಟ್' ನಂತರದ ರೆಕಾರ್ಡುಗಳು. ಅದಕ್ಕೂ ಮುಂಚಿನ ಆರು ವರ್ಷ ಉಳಿದಿರುವುದು ಪಾರ್ಟಿಗಳ ಕ್ಯಾಸೆಟ್ಟುಗಳಲ್ಲಿ, ಅಲ್ಲಿಗೆ ಹೋಗಿದ್ದವರ ನೆನಪಲ್ಲಿ. ರಾಜಕೀಯ ಅಂದಕೂಡಲೇ ಎಲ್ಲರೂ ಹೇಳುವ ಫ್ಲ್ಯಾಶ್ ತಂಡದ 1982ರ ಹಾಡು 'ದಿ ಮೆಸೇಜ್' ಕೂಡ ಹೆಚ್ಚಾಗಿ ಸ್ಟುಡಿಯೋದ ಸಂಗೀತಗಾರ ಎಡ್ ಫ್ಲೆಚರ್ ಬರೆದದ್ದು. ತಂಡಕ್ಕೆ ಶುರುವಿನಲ್ಲಿ ಅದು ಬೇಡವೇ ಬೇಡವಾಗಿತ್ತು. ಒಳ್ಳೆಯ ಹಾಡು, ಕೊನೆಗೆ ಹಾಕುತ್ತೇನೆ. ನನ್ನ ಮಟ್ಟಿಗೆ ರಾಜಕೀಯ ಅದಕ್ಕಿಂತ ಮುಂಚೆಯೇ ಇತ್ತು, ಆ ಕಂಬದ ಕರೆಂಟಿನಲ್ಲಿ, ಸುಟ್ಟ ಬೀದಿಯನ್ನು ಬಿಟ್ಟುಕೊಡದ ಆ ಕುಣಿತದಲ್ಲಿ.

ತಾರಸಿಗೆ ಬರುವ ಹುಡುಗರಲ್ಲಿ ಕೆಲವರು ಕನ್ನಡದಲ್ಲಿ ರ‍್ಯಾಪ್ ಬರೆಯುತ್ತಾರೆ. ಸಿಟ್ಟಿನ ಸಾಲು ಹೇಗೆ ಬರೆಯೋದು ಅಣ್ಣಾ ಅಂತ ಕೇಳುತ್ತಾರೆ. ಮೊದಲು ಬ್ರೇಕ್ ಹಿಡಿದು ಜನರನ್ನು ಕುಣಿಸಿ ನೋಡ್ರೋ ಅನ್ನುತ್ತೇನೆ, ಹೆಡ್‌ಫೋನ್ ಅವರ ಕೈಗೆ ಕೊಡುತ್ತೇನೆ.