ಹೊಸ ಕುದುರೆಗೆ ಮೂರು ವಾರ ಬೇರೆ ಲಾಯ: ನನ್ನ ಅನುಭವ

ಮೈಸೂರಿನಲ್ಲಿ ಟಾಂಗಾಕ್ಕೂ ಮದುವೆ ಮೆರವಣಿಗೆಗೂ ಕುದುರೆ ಸಾಕುವವರಿಗೆ ಸ್ಟ್ರಾಂಗಲ್ಸ್ (ಜ್ವರ ಬಂದು ದವಡೆ ಕೆಳಗೆ ಕೀವುಗಡ್ಡೆ ಏಳುವ ಕುದುರೆಗಳ ಅಂಟುರೋಗ) ಅಂದ್ರೆ ಏನು ಅಂತ ಹೇಳಬೇಕಿಲ್ಲ. ಒಂದಕ್ಕೆ ಬಂದರೆ ಲಾಯಕ್ಕೆಲ್ಲ ಬಂತು ಅಂತಲೇ ಲೆಕ್ಕ. ಕಳೆದ ವರ್ಷ ನನ್ನ ಲಾಯಕ್ಕೂ ಬಂತು. ಆದರೆ ಹೊಸ ಕುದುರೆಯನ್ನು ಮೂರು ವಾರ ಬೇರೆ ಕಟ್ಟುವ ಪದ್ಧತಿಯಿಂದ ಒಂದೇ ಕುದುರೆಗೆ ನಿಂತಿತು. 'ಮೂರು ವಾರ ಸುಮ್ನೆ ನಿಲ್ಲಿಸಿ ಹುರುಳಿ ತಿನ್ನಿಸ್ತೀಯಾ?' ಅಂತ ನಕ್ಕವರು ಓದಲಿ ಅಂತಲೇ ಬರೆಯುತ್ತಿದ್ದೇನೆ.

ಅದಕ್ಕೂ ಹಿಂದೆ ಒಮ್ಮೆ ಈ ರೋಗ ಬಂದಾಗ ಬೇವಿನ ಹೊಗೆ ಹಾಕಿ ನೋಡಿದ್ದೆ. ಸೊಳ್ಳೆ ಹೋದವು, ಕೆಮ್ಮು ಜಾಸ್ತಿಯಾಯಿತು. ದವಡೆ ಕೆಳಗೆ ಗಡ್ಡೆ ಕಂಡ ಮೇಲೆ ಬೇರೆ ಕಟ್ಟಿದ್ದೂ ದಂಡ, ಅಷ್ಟರಲ್ಲಿ ಪಕ್ಕದವಕ್ಕೆ ಅಂಟಿತ್ತು. ಆ ಮದುವೆ ಸೀಸನ್‌ನಲ್ಲಿ ಐದೋ ಆರೋ ಕುದುರೆ ಕೆಲಸ ಬಿಟ್ಟವು. ಔಷಧಿ, ವಾಪಸ್ ಕೊಟ್ಟ ಅಡ್ವಾನ್ಸ್ ಎಲ್ಲ ಸೇರಿ ಒಂದೂವರೆ ಲಕ್ಷದ ಹತ್ತಿರ ಹೋಯಿತು.

ಈಗ ನನ್ನ ಆಯುಧ ಇನ್ನೂರು ರೂಪಾಯಿಯ ಥರ್ಮಾಮೀಟರ್. ಜ್ವರ ಬಂದು ಒಂದೆರಡು ದಿನ ಆದ ಮೇಲೇ ಮೂಗಿನಿಂದ ರೋಗ ಹೊರಗೆ ಬೀಳೋದು. ಆ ಗ್ಯಾಪಿನಲ್ಲೇ ಹಿಡಿಯಬೇಕು. ಬೆಳಿಗ್ಗೆ, ಸಂಜೆ ಎಲ್ಲ ಕುದುರೆಗಳಿಗೂ ನೋಡುತ್ತೇನೆ. 101.5 ದಾಟಿದರೆ ಆ ಕುದುರೆ ತಕ್ಷಣ ಬೇರೆ. ಒದೆಯುವ ಗಂಡು ಕುದುರೆಯನ್ನು ಹೇಗೆ ನಿಲ್ಲಿಸುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಹೊಸದಾಗಿ ತಂದ ಹೆಣ್ಣು ಕುದುರೆ ಹಿತ್ತಿಲ ಶೆಡ್ಡಿನಲ್ಲಿತ್ತು. ವಾರ ಆಗುವಷ್ಟರಲ್ಲಿ 103. ಕತ್ತು ಮುಂದೆ ಚಾಚಿ ನಿಂತುಬಿಟ್ಟಿತು. ಕುಡಿದ ನೀರು ಮೂಗಿನಿಂದ ವಾಪಸ್ ಬರುತ್ತಿತ್ತು. ಬಿಸಿ ಶಾಖ ಕೊಟ್ಟು ಗಡ್ಡೆ ಹಣ್ಣಾದ ಮೇಲೆ ಡಾಕ್ಟರ್ ಕೊಯ್ದರು. ಅದಕ್ಕೆ ಬೇರೆ ಬಕೆಟ್, ಬೇರೆ ಬ್ರಷ್. ಎಲ್ಲ ಕುದುರೆಗಳ ಕೆಲಸ ಮುಗಿಸಿ ಕೊನೆಗೆ ಅದರ ಹತ್ತಿರ ಹೋಗಿ, ಬಂದ ಮೇಲೆ ಅಂಗಿ, ಚಪ್ಪಲಿ ಬದಲಾಯಿಸುತ್ತಿದ್ದೆ. ಎಲ್ಲರಿಗೂ ಒಂದೇ ನೀರಿನ ತೊಟ್ಟಿ ಇದ್ದರೆ ಈ ಶ್ರಮವೆಲ್ಲ ವ್ಯರ್ಥ. ಉಳಿದ ಏಳಕ್ಕೂ ಏನೂ ಆಗಲಿಲ್ಲ.

ಈ ನಡುವೆ ಒಣಹುಲ್ಲು ನೆನೆಸಿ ಹಾಕಿ ನೋಡಿದೆ. ಧೂಳಿನ ಕೆಮ್ಮು ಕಡಿಮೆಯಾಯಿತು, ಸ್ಟ್ರಾಂಗಲ್ಸ್‌ಗೂ ಅದಕ್ಕೂ ಸಂಬಂಧ ಇಲ್ಲ. ಬೇಸಿಗೆಯಲ್ಲಿ ನೆನೆದ ಹುಲ್ಲು ಬೇಗ ಹುಳಿಯಾಗುತ್ತದೆ, ನೋಡಿಕೊಳ್ಳಿ. ಕುದುರೆಗಳ ಫ್ಲೂ ಬಂದರೆ ನನ್ನ ಪದ್ಧತಿಯೊಂದೇ ಸಾಲದು, ಅದು ಕೆಮ್ಮಿನಲ್ಲೇ ದೂರ ಹಾರುತ್ತದೆ. 2008ರಲ್ಲಿ ಜಮ್ಮುವಿನ ಕಟ್ರಾದಲ್ಲಿ ಕಂಡದ್ದು ಅದೇ ವರ್ಷ ಮೈಸೂರಿಗೂ ಬಂದಿತ್ತು ಅಲ್ವಾ? ಅದಕ್ಕೆ ಲಸಿಕೆಯೇ ಬೇಕು.

ಗಡ್ಡೆ ಒಣಗಿತು ಅಂತ ತಕ್ಷಣ ಒಳಗೆ ಕಟ್ಟಬೇಡಿ. ಗಂಟಲ ಒಳಚೀಲದಲ್ಲಿ ಕೀವು ಉಳಿದರೆ ನೋಡಲು ಚೆನ್ನಾಗಿರುವ ಕುದುರೆಯೇ ತಿಂಗಳುಗಟ್ಟಲೆ ರೋಗ ಹಂಚುತ್ತದೆ. ಆ ಚೀಲ ತೊಳೆದ ನೀರಿನ ಟೆಸ್ಟ್‌ಗೆ ಮೂರ್ನಾಲ್ಕು ಸಾವಿರ ಹೋಯಿತು, ಒಂದು ಮೆರವಣಿಗೆಯ ದುಡ್ಡು. ಕುದುರೆ ಕೊಳ್ಳುವ ಮೊದಲು ಗ್ಲ್ಯಾಂಡರ್ಸ್ ಅನ್ನೋ ಇನ್ನೊಂದು ಅಂಟುರೋಗದ ರಕ್ತಪರೀಕ್ಷೆ ಕಾಗದವನ್ನೂ ಕೇಳಿ. ಅದು ಮನುಷ್ಯರಿಗೂ ಅಂಟುತ್ತದೆ, ಖಚಿತವಾದರೆ ಕುದುರೆಯನ್ನು ಕೊಲ್ಲಲೇಬೇಕು.