ಕೊರಿಯನ್ನರಿಗೆ ‘ಹೇನಸ್’ ಕಲಿಸುವುದು ಹೇಗೆ?

ಅತಿ ಘೋರ ಕೃತ್ಯಕ್ಕೆ ಇಂಗ್ಲಿಷಿನಲ್ಲಿ ಬಳಸುವ ವಿಶೇಷಣ ‘ಹೇನಸ್’. ಕೊರಿಯನ್ನರಿಗೆ ಇಂಗ್ಲಿಷ್ ಹೇಳಿಕೊಡುವ ಎಷ್ಟೋ ಮಂದಿ ಇದರ ಅರ್ಥ ಬರೆಸಿ ಮುಂದಿನ ಪದಕ್ಕೆ ಹೋಗಿಬಿಡುತ್ತಾರೆ. ಎಡವಟ್ಟು ಶುರುವಾಗುವುದೇ ಅಲ್ಲಿಂದ.

1. ಅರ್ಥ: ಕೊರಿಯನ್ನಿನ ‘ಹ್ಯುಂಗ್‌ಆಕ್’ ಎಂದರೆ ಸಾಕು, ತಕ್ಷಣ ತಿಳಿಯುತ್ತದೆ.

2. ಉಚ್ಚಾರ: ಇಲ್ಲಿ ಆತುರ ಬೇಡ. ಹಂಗುಲ್ ಲಿಪಿಯಲ್ಲಿ ಬರೆದರೆ ಪದ ‘ಹೆ-ಇ-ನೊ-ಸು’ ಎಂದು ನಾಲ್ಕು ತುಂಡಾಗುತ್ತದೆ. ಇಂಗ್ಲಿಷಿನಲ್ಲಿರುವುದು ಎರಡೇ: ಹೇ-ನಸ್. ಕೊನೆಯ ‘ಸ್’ಗೆ ಕೊರಿಯನ್ ನಾಲಿಗೆ ಒಂದು ಸ್ವರ ಅಂಟಿಸುತ್ತದೆ. ನಾವು ಬಸ್ಸನ್ನು ‘ಬಸ್ಸು’ ಮಾಡಿಕೊಂಡಂತೆ ಅವರು ‘ಬೊಸು’ ಮಾಡಿಕೊಂಡಿದ್ದಾರೆ. ಹಾಗಾಗಿ ಈ ತೊಡಕು ಕನ್ನಡಿಗರಿಗೆ ಬೇಗ ಹೊಳೆಯಬೇಕು. ಎರಡು ಬೆರಳು ಗಂಟಲ ಮೇಲಿಟ್ಟು ಹೇಳಿಸಿ. ‘ನ’ ಎನ್ನುವಾಗ ಬೆರಳಿಗೆ ಕಂಪನ ಸಿಗಬೇಕು, ‘ಸ್’ ಬಂದೊಡನೆ ನಿಲ್ಲಬೇಕು. ಮತ್ತೆ ಕಂಪಿಸಿತೋ, ಬಾಲಕ್ಕೆ ಸ್ವರ ಸೇರಿದೆ ಎಂದೇ ಲೆಕ್ಕ. ಆಗ ‘ಸ್’ ಒಂದನ್ನೇ ಎರಡು ಸೆಕೆಂಡು ಹಾವು ಬುಸುಗುಟ್ಟಿದಂತೆ ಎಳೆಸಿ, ಹಲ್ಲು ಬಿಡಿಸದೆ ನಿಲ್ಲಿಸಲು ಹೇಳಿ. ಒತ್ತು ಪೂರ್ತಿ ‘ಹೇ’ ಮೇಲೆ, ‘ನ’ ತೇಲಿಹೋಗಲಿ.

ಹಂಗುಲ್‌ನಲ್ಲಿ ಉಚ್ಚಾರ ಮುದ್ರಿಸಿದ ಪದಪಟ್ಟಿಗಳನ್ನು ಮುಟ್ಟಲೇಬೇಡಿ. ನಾಲ್ಕು ತುಂಡಿನ ಚಾಳಿಯನ್ನು ಗಟ್ಟಿ ಮಾಡುವುದೇ ಅವು. ಕಲಿಸುವವರೂ ‘ಹೀನಸ್’ ಎನ್ನಬಾರದು. ನಮ್ಮ ‘ಹೀನ’ ಕಿವಿಯಲ್ಲಿ ಕೂತಿರುತ್ತದೆ, ‘ಹೇಯ’ವನ್ನು ನೆನಪಿಟ್ಟುಕೊಂಡರೆ ತಪ್ಪುವುದಿಲ್ಲ. ನಂಟು ಧ್ವನಿಯದಷ್ಟೇ, ಪದ ಬಂದದ್ದು ದ್ವೇಷ ಎಂಬ ಅರ್ಥದ ಹಳೆಯ ಫ್ರೆಂಚ್ ಮೂಲದಿಂದ.

3. ಜೋಡಿ ಪದ: ‘ಹ್ಯುಂಗ್‌ಆಕ್’ ಮನುಷ್ಯನಿಗೂ ಸಲ್ಲುತ್ತದೆ, ಭಯಂಕರ ಮುಖಕ್ಕೂ ಸಲ್ಲುತ್ತದೆ. ಅದೇ ಲೆಕ್ಕದಲ್ಲಿ ‘ಹೇನಸ್ ಮ್ಯಾನ್’, ‘ಹೇನಸ್ ಫೇಸ್’ ಎಂದು ಬರೆದುಬಿಡುತ್ತಾರೆ. ಇಂಗ್ಲಿಷಿನಲ್ಲಿ ಇದು ಹೆಚ್ಚಾಗಿ ಕೃತ್ಯಕ್ಕೆ ಹೊಂದುವ ಮಾತು. ಕ್ರೈಮ್, ಆ್ಯಕ್ಟ್, ಅಫೆನ್ಸ್ ಈ ಮೂರರ ಜೊತೆಗೇ ಬಾಯಿಪಾಠ ಮಾಡಿಸಿ, ಒಂಟಿಯಾಗಿ ಬೇಡ. ವ್ಯಕ್ತಿಗಾದರೆ ‘ಈವಿಲ್’ ಇದೆ. ಪರ್ಸ್ ಕದ್ದದ್ದಕ್ಕೆ ಈ ಪದ ಬಳಸಿದರೆ ತಿದ್ದಿ; ಕೊಲೆ, ಚಿತ್ರಹಿಂಸೆ, ಮಕ್ಕಳ ಮೇಲಿನ ದೌರ್ಜನ್ಯದ ತೂಕದ ಮಾತಿದು. ‘ವೆರಿ’ ಸೇರಿಸಿದರೆ ಸಪ್ಪೆ, ‘ಪರ್ಟಿಕ್ಯುಲರ್ಲಿ’ ಒಪ್ಪುತ್ತದೆ.

4. ವಾಕ್ಯ: ಕೊರಿಯನ್ನಿನಲ್ಲಿ ವಿಶೇಷಣವೇ ಕ್ರಿಯಾಪದದಂತೆ ವಾಕ್ಯ ಮುಗಿಸುತ್ತದೆ. ಅದಕ್ಕೇ ‘ದಿ ಕ್ರೈಮ್ ಹೇನಸ್’ ಎಂದು ನಿಲ್ಲಿಸುತ್ತಾರೆ. ನಡುವೆ ‘ವಾಸ್’ ಹಾಕಿಸಿ.

ಮರುದಿನ ಪುಸ್ತಕ ಮುಚ್ಚಿಸಿ ಆ ಮೂರು ಜೋಡಿಗಳನ್ನು ಹೇಳಿಸಿ, ಬೆರಳು ಗಂಟಲ ಮೇಲೆಯೇ ಇರಲಿ.