ಸ್ಕ್ರೀನ್ ಪ್ರಿಂಟಿಂಗ್: ಮೊದಲು ಮೆಶ್ ಗೊತ್ತುಮಾಡಿ, ಆಮೇಲೆ ಫ್ರೇಮ್

ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಫ್ರೇಮಿಗೆ ಬಿಗಿದ ಮೆಶ್ ಎಂಬ ಜಾಲರಿ ಬಟ್ಟೆಯ ಮೂಲಕ ಶಾಯಿ ಒತ್ತಿ ಅಚ್ಚು ಹಾಕುತ್ತಾರೆ. ಅಂಗಡಿಯಲ್ಲಿ ಬರೀ ‘120ರ ಮೆಶ್ ಕೊಡಿ’ ಅಂದರೆ ಎಡವಟ್ಟಾಗಬಹುದು. ಸೆಂಟಿಮೀಟರಿಗೆ 120 ಎಳೆಯ ಮೆಶ್ ಲಗ್ನಪತ್ರಿಕೆಯ ಸಣ್ಣ ಅಕ್ಷರಕ್ಕೆ. ಇಂಚಿಗೆ 120 ಎಳೆಯದು ಟೀ ಶರ್ಟಿಗೆ. ಸೆಂಟಿಮೀಟರ್ ಲೆಕ್ಕವನ್ನು 2.54ರಿಂದ ಗುಣಿಸಿದರೆ ಇಂಚಿನ ಲೆಕ್ಕ ಸಿಗುತ್ತದೆ: 43 ಅಂದರೆ ಸುಮಾರು 110, 77 ಅಂದರೆ 195, 120 ಅಂದರೆ 305. ಯಾವ ಲೆಕ್ಕವೆಂದು ಕೇಳಿದ ಮೇಲೆಯೇ ಕತ್ತರಿಸಲು ಹೇಳಿ. ಮುಂದಿನ ಮೆಶ್ ಅಂಕಿಗಳೆಲ್ಲ ಸೆಂಟಿಮೀಟರಿನವು.

ಮೆಶ್ ಆರಿಸುವಾಗ ಚಿತ್ರಕ್ಕಿಂತ ಮೊದಲು ಶಾಯಿಯನ್ನು ನೋಡಬೇಕು. ಗ್ಲಿಟರ್ ಕಣಗಳು ದೊಡ್ಡವು, 10ರಿಂದ 16ರ ಮೆಶ್ ಬೇಕು. ಅದಕ್ಕಿಂತ ನಯವಾದದ್ದರಲ್ಲಿ ಅಂಟು ಕೆಳಗಿಳಿದು ಮಿನುಗು ಮೇಲೆಯೇ ಉಳಿಯುತ್ತದೆ. ಕಪ್ಪು ಶರ್ಟಿನ ಮೇಲೆ ಬಿಳಿ ಬಣ್ಣ ದಟ್ಟವಾಗಿ ಕೂರಬೇಕಾದರೆ 43. ತೆಳು ಬಣ್ಣದ ಬಟ್ಟೆಯ ಮೇಲೆ ಸಣ್ಣ ಗೆರೆಗಳಿದ್ದರೆ 61ರಿಂದ 77. ಕಾಗದ, ಪ್ಲಾಸ್ಟಿಕ್ಕಿಗೆ 100ರಿಂದ 120. ಬೇಗ ಒಣಗುವ ನೀರಿನ ಶಾಯಿಯನ್ನು 120ರಲ್ಲಿ ಎಳೆದರೆ ರಂಧ್ರ ಕಟ್ಟಿಕೊಂಡು ಅಕ್ಷರ ಅರ್ಧಂಬರ್ಧ ಬೀಳುತ್ತದೆ. ಹಾಫ್‌ಟೋನ್ (ಸಣ್ಣ ದೊಡ್ಡ ಚುಕ್ಕೆಗಳಿಂದ ಛಾಯೆ ತೋರಿಸುವ ಚಿತ್ರ) ಇದ್ದರೆ, ಇಂಚಿಗಿರುವ ಚುಕ್ಕೆಸಾಲುಗಳ ನಾಲ್ಕೈದು ಪಟ್ಟು ಎಳೆ ಬೇಕು: 45 ಸಾಲಿನ ಚಿತ್ರಕ್ಕೆ 77 (ಇಂಚಿಗೆ 195) ಸಾಕು.

ಒಂಟಿ ಎಳೆಯ ಪಾಲಿಯೆಸ್ಟರನ್ನೇ ಕೊಳ್ಳಿ. ನೈಲಾನ್ ನೀರು ಹೀರಿ ಸಡಿಲವಾಗುತ್ತದೆ. ಅದು ಬಾಟಲಿಯಂಥ ಉಬ್ಬುತಗ್ಗಿನ ಮೈಗೆ. ನಯವಾದ ಮೆಶ್‌ನಲ್ಲಿ ಹಳದಿ ಬಣ್ಣದ್ದು ಒಳ್ಳೆಯದು. ಚಿತ್ರವನ್ನು ಮೆಶ್‌ಗೆ ಇಳಿಸಲು ಬೆಳಕು ಬಿಡುವಾಗ ಬಿಳಿ ಎಳೆ ಅದನ್ನು ಅಕ್ಕಪಕ್ಕಕ್ಕೆ ಚದುರಿಸಿ ಸಣ್ಣ ಗೆರೆಗಳನ್ನು ಮುಚ್ಚಿಬಿಡುತ್ತದೆ. ಹಳದಿಗೆ ಎಕ್ಸ್‌ಪೋಷರ್, ಅಂದರೆ ಬೆಳಕು ಬಿಡುವುದು, ಹೆಚ್ಚು ಹೊತ್ತು ಬೇಕು, ಒಂದು ತುಂಡಿನಲ್ಲಿ ಪರೀಕ್ಷೆ ಮಾಡಿಯೇ ಮುಂದುವರಿಯಿರಿ.

ಫ್ರೇಮಿನ ಅಳತೆಯಲ್ಲಿ ಜಿಪುಣತನ ಬೇಡ. ಸ್ಕ್ವೀಜಿ (ಶಾಯಿ ಎಳೆಯುವ ರಬ್ಬರ್ ಪಟ್ಟಿ) ಓಡುವ ಎರಡು ತುದಿಗೂ 4 ಇಂಚು, ಪಕ್ಕಗಳಿಗೆ 3 ಇಂಚು ಖಾಲಿ ಬಿಡಿ. ಅಂದರೆ 8×12 ಇಂಚಿನ ಚಿತ್ರಕ್ಕೆ ಒಳ ಅಳತೆ 14×20. ಫ್ರೇಮಿನ ಪಕ್ಕದಲ್ಲಿ ಮೆಶ್ ಬಗ್ಗುವುದಿಲ್ಲ. ಅಲ್ಲಿ ಒತ್ತಿ ಎಳೆದಷ್ಟೂ ಅಂಚು ಕದಡುತ್ತದೆ.

ಒಂದೇ ಬಣ್ಣದ ಕೆಲಸಕ್ಕೆ ಚೆನ್ನಾಗಿ ಒಣಗಿದ ಮರದ ಫ್ರೇಮ್ ಆದೀತು, ವಾರ್ನಿಷ್ ಬಳಿದಿರಬೇಕು. ಗಾಜಿನ ಮೇಲಿಟ್ಟು ನಾಲ್ಕೂ ಮೂಲೆ ಒತ್ತಿ ನೋಡಿ, ಒಂದು ಮೂಲೆ ಕುಂಟಿದರೂ ಬೇಡ. ಮತ್ತೆ ಮತ್ತೆ ತೊಳೆಯುವುದರಿಂದ ಮರ ಸೊಟ್ಟಗಾಗುತ್ತದೆ. ಹಾಗಾಗಿ ಎರಡು ಬಣ್ಣ ದಾಟಿದರೆ ಅಲ್ಯೂಮಿನಿಯಮ್ಮೇ ಸರಿ.

ಎಷ್ಟೇ ಒಳ್ಳೆಯ ಮೆಶ್ ಆದರೂ ಸಡಿಲವಿದ್ದರೆ ವ್ಯರ್ಥ. ಎಳೆಗಳು ಫ್ರೇಮಿನ ಅಂಚಿಗೆ ನೇರವಾಗಿರುವಂತೆ ಎಳೆಯಿರಿ. ಬಿಗಿ ಅಳೆಯುವ ಮೀಟರಿನಲ್ಲಿ ಸೆಂಟಿಮೀಟರಿಗೆ 20ರಿಂದ 25 ನ್ಯೂಟನ್ ಬಂದರೆ ಉತ್ತಮ. ಹೊಸ ಮೆಶ್ ಮೊದಲ ದಿನ ಸ್ವಲ್ಪ ಬಿಗಿ ಕಳೆದುಕೊಳ್ಳುವುದರಿಂದ 24 ಗಂಟೆ ಬಿಟ್ಟು, ಎಣ್ಣೆಪಸೆ ತೊಳೆದು ಎಮಲ್ಷನ್ (ಬೆಳಕಿಗೆ ಗಟ್ಟಿಯಾಗುವ ಲೇಪ) ಹಚ್ಚಿ. ಮೀಟರ್ ಇಲ್ಲದವರು ಪ್ರಿಂಟಿನಲ್ಲೇ ನೋಡಬಹುದು: ಕೆಳಗೆ 2–3 ಮಿಲಿಮೀಟರ್ ಅಂತರವಿಟ್ಟು ಎಳೆದಾಗ ಸ್ಕ್ವೀಜಿಯ ಹಿಂದೆಯೇ ಮೆಶ್ ಮೇಲೇಳಬೇಕು. ಅಂಟಿಕೊಂಡು ನಿಂತರೆ ಹಲವರು ಅಂತರ ಹೆಚ್ಚಿಸುತ್ತಾರೆ. ಆಗ ಮೆಶ್ ಇನ್ನಷ್ಟು ಹಿಗ್ಗಿ ಚಿತ್ರ ಉದ್ದವಾಗುತ್ತದೆ, ಎರಡನೇ ಬಣ್ಣ ಜಾಗಕ್ಕೆ ಕೂರುವುದೇ ಇಲ್ಲ. ಅಂಥ ಸ್ಕ್ರೀನನ್ನು ಬಿಚ್ಚಿ ಹೊಸದಾಗಿ ಎಳೆಯಬೇಕು.